ಕಸದ ಚೀಲಕ್ಕೆ ದಂಡ, ಕಸದ ಕೋಣೆ ನುಂಗಿದವರಿಗೆ? ನಗರಸಭಾ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಮಸ್ಕಾರ. ಕಳೆದ ಸಾಮಾನ್ಯ ಸಭೆಯ ದಿನ ಪ್ರೇಕ್ಷಕರ ಗ್ಯಾಲರಿಯ ಕೊನೇ ಸಾಲಿನಲ್ಲಿ ಕೂತಿದ್ದೆ. ನಿಮ್ಮತ್ತ ಕೈ ಎತ್ತಿದೆ, ನೀವು ನೋಡಲಿಲ್ಲ. ತಪ್ಪೇನಿಲ್ಲ ಬಿಡಿ, ಅಷ್ಟು ಹೊತ್ತಿಗೆ ಕಸದ ಗಲಾಟೆ ಶುರುವಾಗಿತ್ತು.

ಅವತ್ತು ಮೂರು ದೊಡ್ಡ ವಿಷಯಗಳಿದ್ದವು. ಹೊಸ ಬಡಾವಣೆಯ ನಕ್ಷೆ. ಬಾಡಿಗೆ ಕಟ್ಟಲು ಕಷ್ಟಪಡುವವರಿಗೆ ಮನೆ ಕಟ್ಟಿಸುವ ಪ್ರಸ್ತಾವ. ಬೀದಿಯಲ್ಲಿ ಕಸ ಹಾಕುವವರಿಗೆ ದಂಡ. ನಕ್ಷೆಯ ವಿಷಯ ಎಷ್ಟು ಹೊತ್ತು ನಡೆಯಿತು ಅಂತ ನೆನಪಿದೆಯಾ? ಅಧಿಕಾರಿ ಓದಿದರು, ನೀವೆಲ್ಲ "ಒಪ್ಪಿಗೆ, ಒಪ್ಪಿಗೆ" ಅಂದಿರಿ. ನಾನು ಕನ್ನಡಕ ಒರೆಸಿ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದೇ ಹೋಗಿತ್ತು. ಮನೆಗಳ ಪ್ರಸ್ತಾವ ಮುಂದಿನ ಸಭೆಗೆ ಹೋಯಿತು. ಅದು ಹೀಗೆ ಮುಂದಕ್ಕೆ ಹೋಗಿದ್ದು ಇದೇ ಮೊದಲೇನಲ್ಲ.

ದಂಡದ ವಿಷಯ ಬಂತು ನೋಡಿ, ಸಭೆಗೇ ಜೀವ ಬಂತು. ನಿದ್ದೆಗೆ ಜಾರಿದ್ದವರೂ ಎದ್ದು ಕೂತರು. ಜನರಿಗೆ ಬುದ್ಧಿ ಇಲ್ಲ ಅಂದರು ಒಬ್ಬರು. ದಂಡ ದುಪ್ಪಟ್ಟು ಮಾಡಿ ಅಂದರು ಇನ್ನೊಬ್ಬರು. ಕಸ ಹಾಕುವವರ ಫೋಟೊ ತೆಗೆದು ಬೋರ್ಡಿಗೆ ಅಂಟಿಸಬೇಕಂತೆ. ಸಭೆ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು.

ಇದು ನಿಮ್ಮೊಬ್ಬರ ಸಭೆಯ ಕತೆ ಅಲ್ಲ, ಅದು ಗೊತ್ತು. ಸಿರಿಲ್ ಪಾರ್ಕಿನ್ಸನ್ ಎಂಬ ಬ್ರಿಟಿಷ್ ಲೇಖಕ 1957ರಲ್ಲಿ ಇಂಥದೇ ಒಂದು ಸಮಿತಿಯನ್ನು ಕಲ್ಪಿಸಿ ಬರೆದಿದ್ದ. ಅಣು ಸ್ಥಾವರಕ್ಕೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ, ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಮುಕ್ಕಾಲು ಗಂಟೆ ಚರ್ಚೆ. ಸ್ಥಾವರ ಯಾರಿಗೂ ಅರ್ಥವಾಗುವುದಿಲ್ಲ, ಚಪ್ಪರ ಎಲ್ಲರಿಗೂ ಗೊತ್ತು. ಕಸವೂ ಹಾಗೆಯೇ. ಎಲ್ಲರೂ ಕಂಡದ್ದು, ಎಲ್ಲರೂ ಮೂಗು ಮುಚ್ಚಿಕೊಂಡದ್ದು. ನಕ್ಷೆಯಲ್ಲಿರುವ ಗೆರೆಗಳಿಗೆ ವಾಸನೆ ಇಲ್ಲವಲ್ಲ.

ಆದರೆ ಆ ಗೆರೆಗಳಿಂದಲೇ ವಾಸನೆ ಹುಟ್ಟುತ್ತದೆ. ಅದನ್ನು ಹೇಳೋಕೇ ಈ ಪತ್ರ.

ನಮ್ಮ ಕಟ್ಟಡವನ್ನೇ ತೆಗೆದುಕೊಳ್ಳಿ. ಡಬ್ಬಿ ಇಡೋಕೆ ಒಂದು ಮೂಲೆ ಇಲ್ಲ. ಮೆಟ್ಟಿಲ ಕೆಳಗೆ ಕರೆಂಟಿನ ಮೀಟರುಗಳು, ಮುಂದೆ ಸಾಲಾಗಿ ಸ್ಕೂಟರುಗಳು. ಕಸದ ಗಾಡಿ ಬರುವ ಹೊತ್ತಿಗೆ ಅರ್ಧ ಜನ ಕೆಲಸಕ್ಕೆ ಹೊರಟಾಗಿರುತ್ತದೆ. ರಾತ್ರಿ ಪಾಳಿಯವರು ಆಗಷ್ಟೇ ಮಲಗಿರುತ್ತಾರೆ. ಹಸಿ ಕಸವನ್ನು ಒಂದೇ ಕೋಣೆಯ ಮನೆಯೊಳಗೆ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಚೀಲ ಗೇಟಿಗೆ ನೇತು ಬೀಳುತ್ತದೆ. ನಾಯಿ ಎಳೆಯುತ್ತದೆ. ಬೆಳಿಗ್ಗೆ ಪೌರಕಾರ್ಮಿಕರು ಬರಿಗೈಯಲ್ಲಿ ಬಳಿಯುತ್ತಾರೆ. ಹೋದ ತಿಂಗಳು ನೆಲಮಹಡಿಯ ಬಾಡಿಗೆದಾರರಿಗೆ ದಂಡದ ಚೀಟಿ ಬಂತು. ಚೀಲ ಅವರದ್ದಲ್ಲ. ಗೇಟಿಗೆ ಹತ್ತಿರ ಇರುವ ಬಾಗಿಲು ಅವರದ್ದು, ಅಷ್ಟೇ. ಜಗಳ ಬೇಡ ಅಂತ ಕಟ್ಟಿಬಿಟ್ಟರು.

ನಕ್ಷೆಗೂ ಕಸಕ್ಕೂ ಎಲ್ಲಿಯ ಸಂಬಂಧ ಅನ್ನುವವರಿಗೆ ನ್ಯೂಯಾರ್ಕಿನ ಕತೆ ಹೇಳಬೇಕು. 1811ರಲ್ಲಿ ಮ್ಯಾನ್‌ಹಟನ್‌ಗೆ ಒಂದು ನಕ್ಷೆ ಮಾಡಿದರು. ನೆಟ್ಟಗಿನ ಬೀದಿಗಳು, ಚೌಕಟ್ಟು ಚೌಕಟ್ಟು ನಿವೇಶನಗಳು. ಮನೆಗಳ ಹಿಂದೆ ಓಣಿ ಬಿಡಲಿಲ್ಲ. ಶಿಕಾಗೋದಲ್ಲಿ ಬಿಟ್ಟರು, ಅಲ್ಲಿ ಡಬ್ಬಿಗಳು ಹಿತ್ತಿಲ ಓಣಿಯಲ್ಲಿ ನಿಂತವು. ನ್ಯೂಯಾರ್ಕಿನಲ್ಲಿ ಎಲ್ಲವೂ ಮುಂಬಾಗಿಲಿಗೇ ಬಂತು. 1968ರ ಫೆಬ್ರವರಿಯಲ್ಲಿ ಕಸದ ಕೆಲಸಗಾರರು ಒಂಬತ್ತು ದಿನ ಮುಷ್ಕರ ಹೂಡಿದಾಗ ಊರು ನಾರಿತು. ಆಮೇಲಿನ ವರ್ಷಗಳಲ್ಲಿ ತಗಡಿನ ಡಬ್ಬಿ ಹೋಗಿ ಪ್ಲಾಸ್ಟಿಕ್ ಚೀಲ ಬಂತು. ಅಲ್ಲಿಂದ ಐವತ್ತು ವರ್ಷ, ಜಗತ್ತಿನ ಅತಿ ಸಿರಿವಂತ ನಗರಗಳಲ್ಲೊಂದರ ಜನ ಕರಿ ಚೀಲಗಳ ಗುಡ್ಡೆ ದಾಟಿಕೊಂಡು, ಇಲಿಗಳಿಗೆ ದಾರಿ ಬಿಟ್ಟುಕೊಂಡು ಓಡಾಡಿದರು. ಒಂಬತ್ತು ಮನೆಗಳವರೆಗಿನ ಕಟ್ಟಡಗಳು ಮುಚ್ಚಳದ ಡಬ್ಬಿಯಲ್ಲೇ ಕಸ ಇಡಬೇಕು ಅನ್ನುವ ನಿಯಮ ಜಾರಿಗೆ ಬಂದದ್ದು 2024ರ ನವೆಂಬರಿನಲ್ಲಿ. ದೊಡ್ಡ ಕಟ್ಟಡಗಳಿಗಾಗಿ ಈಗ ರಸ್ತೆಬದಿಯಲ್ಲಿ ಕಾರು ನಿಲ್ಲಿಸುವ ಜಾಗ ತೆಗೆದು ಕಸದ ಪೆಟ್ಟಿಗೆ ಇಡುತ್ತಿದ್ದಾರೆ. ಓಣಿ ಮರೆತವರು ಸತ್ತು ಯಾವ ಕಾಲವಾಯಿತು. ಜನ ಈಗಲೂ ತೆರುತ್ತಿದ್ದಾರೆ.

ನೀವು ಕನ್ನಡಕ ಒರೆಸುವ ಹೊತ್ತಿನಲ್ಲಿ ಒಪ್ಪಿದ ಆ ಬಡಾವಣೆಯಲ್ಲಿ ಕಸದ ಗಾಡಿ ತಿರುಗೋಕೆ ಜಾಗ ಇದೆಯಾ? ಯಾರೂ ಕೇಳಲಿಲ್ಲ. ಕಾರು ಎಲ್ಲಿ ನಿಲ್ಲುತ್ತದೆ ಅಂತ ಮಾತ್ರ ಒಬ್ಬರು ಕೇಳಿದರು.

ಇನ್ನು ದಂಡ. ದಂಡವೇ ಬೇಡ ಅನ್ನುವವನಲ್ಲ ನಾನು. ಬೈಕಿನಲ್ಲಿ ಬಂದು ಕೆರೆ ಏರಿಯ ಮೇಲೆ ಮೂಟೆ ಒಗೆದು ಹೋಗುವವರನ್ನು ಕಣ್ಣಾರೆ ಕಂಡಿದ್ದೇನೆ, ಅವರಿಗೆ ಬೀಳಲಿ. ಆದರೆ ಮೊತ್ತ ಏರಿಸಿದರೆ ಜನ ಹೆದರುತ್ತಾರೆ ಅನ್ನುವ ನಂಬಿಕೆ ಇದೆಯಲ್ಲ, ಅದು ಹಳೇ ತಪ್ಪು. ಶಿಕ್ಷೆ ಎಷ್ಟು ಕಠಿಣ ಅನ್ನುವುದಕ್ಕಿಂತ ಅದು ತಪ್ಪದೆ ಬರುತ್ತದೆ ಅನ್ನುವುದೇ ಜನರನ್ನು ತಡೆಯುತ್ತದೆ ಅಂತ ಇಟಲಿಯ ಕಾನೂನು ಚಿಂತಕ ಬೆಕ್ಕಾರಿಯಾ 1764ರಲ್ಲೇ ಹೇಳಿದ್ದ. ಇಂಗ್ಲೆಂಡಿನಲ್ಲಿ ಬೀದಿ ಕಸಕ್ಕೆ ಸ್ಥಳದಲ್ಲೇ ಹಾಕಬಹುದಾದ ಗರಿಷ್ಠ ದಂಡವನ್ನು 2023ರಲ್ಲಿ 150 ಪೌಂಡಿನಿಂದ 500ಕ್ಕೆ ಏರಿಸಿದರು. ಪುಸ್ತಕದಲ್ಲಿ ಮೊತ್ತ ಏರಿಸೋದು ಸುಲಭ. ಬೀದಿಯಲ್ಲಿ ನಿಂತು ಹಿಡಿಯೋಕೆ ಜನ ಬೇಕು, ಮತ್ತೆ ಅವರು ಕೈಗೆ ಸಿಕ್ಕವರನ್ನಲ್ಲ, ತಪ್ಪು ಮಾಡಿದವರನ್ನು ಹಿಡಿಯಬೇಕು. ವರ್ಷಕ್ಕೊಮ್ಮೆ ಅಭಿಯಾನ ಮಾಡಿ, ಫೋಟೊ ತೆಗೆಸಿಕೊಂಡು, ಆಮೇಲೆ ಹನ್ನೊಂದು ತಿಂಗಳು ಸುಮ್ನೆ ಇದ್ದರೆ ಅದು ದಂಡವಲ್ಲ, ಲಾಟರಿ.

ಎಲ್ಲ ಕಡೆ ಡಬ್ಬಿ ಇಟ್ಟುಬಿಟ್ಟರೆ ಆಯಿತು ಅಂದರು ನಿಮ್ಮ ಪಕ್ಕದಲ್ಲಿ ಕೂತಿದ್ದವರು. ಅದೂ ಅಷ್ಟು ನೇರ ಇಲ್ಲ. 1995ರಲ್ಲಿ ಸುರಂಗ ರೈಲಿನ ಮೇಲೆ ವಿಷಾನಿಲದ ದಾಳಿ ಆದಮೇಲೆ ಟೋಕಿಯೋದಲ್ಲಿ ಸಾರ್ವಜನಿಕ ಡಬ್ಬಿಗಳನ್ನು ತೆಗೆದರು, ಇವತ್ತಿಗೂ ಅಲ್ಲಿ ಡಬ್ಬಿ ಹುಡುಕಬೇಕು. ಬೀದಿ ಮಾತ್ರ ಚೊಕ್ಕಟ. ಯಾಕೆಂದರೆ ಮನೆಗೆ ಒಯ್ದ ಕಸವನ್ನು ಯಾವ ದಿನ, ಎಲ್ಲಿ, ಹೇಗೆ ಇಡಬೇಕು ಅಂತ ಮಗುವಿಗೂ ಗೊತ್ತು, ಮತ್ತೆ ಆ ದಿನ ಗಾಡಿ ಬಂದೇ ಬರುತ್ತದೆ. ನಮ್ಮಲ್ಲಿ ಗಾಡಿ ಬರುವುದೂ ಒಮ್ಮೊಮ್ಮೆ ದೇವರ ದಯೆ. ದಕ್ಷಿಣ ಕೊರಿಯಾ 1995ರ ಜನವರಿಯಿಂದ ಬೇರೆ ದಾರಿ ಹಿಡಿಯಿತು. ಕಸ ಹಾಕೋಕೆ ದುಡ್ಡು ಕೊಟ್ಟು ಚೀಲ ಕೊಳ್ಳಬೇಕು, ಬೇರ್ಪಡಿಸಿದ ಕಾಗದ, ಗಾಜು, ಲೋಹ ಪುಕ್ಕಟೆ. ಜಾಸ್ತಿ ಎಸೆದವರಿಗೆ ಜಾಸ್ತಿ ಖರ್ಚು. ನಾಳೆಯೇ ಇಲ್ಲಿ ತನ್ನಿ ಅಂತ ಹೇಳುತ್ತಿಲ್ಲ. ಬೇರ್ಪಡಿಸಿ ಇಡೋಕೆ ಮನೆಯಲ್ಲಿ ಜಾಗ ಇಲ್ಲದವರಿಗೆ ಅದು ಇನ್ನೊಂದು ಶಿಕ್ಷೆ ಆದೀತು. ನೋಡಿ, ಮತ್ತೆ ಜಾಗಕ್ಕೇ ಬಂದೆವು.

ಹಾಗಾಗಿ ಮುಂದಕ್ಕೆ ಹಾಕುತ್ತಿರುವ ಆ ಮನೆಗಳ ಪ್ರಸ್ತಾವದ ಬಗ್ಗೆ ಒಂದು ಮಾತು. "ಅಂಥ ಮನೆಗಳು ಬಂದರೆ ಆ ಏರಿಯಾ ಗಲೀಜಾಗುತ್ತದೆ" ಅಂತ ಒಬ್ಬರು ಹೇಳಿದರು. ಯಾರೂ ಎದುರಾಡಲಿಲ್ಲ, ನೀವೂ ಸಹ. ನನಗೆ ಅದೇ ಜಾಸ್ತಿ ನೋವಾದದ್ದು. ವಿಯೆನ್ನಾ ನಗರಾಡಳಿತ 1923ರಿಂದ 1934ರವರೆಗೆ 60,000ಕ್ಕೂ ಹೆಚ್ಚು ಮನೆ ಕಟ್ಟಿಸಿತು. ಅದಕ್ಕಾಗಿ ಮನೆ ತೆರಿಗೆ ಹಾಕಿತು, ದೊಡ್ಡ ಬಂಗಲೆಗಳ ಮೇಲೆ ದೊಡ್ಡ ತೆರಿಗೆ. ಬಂದವರಲ್ಲಿ ಹೆಚ್ಚಿನವರು ಕೂಲಿಕಾರರು, ಕಾರ್ಖಾನೆಯವರು. 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್ ಒಂದು ಕಿಲೋಮೀಟರಿಗೂ ಉದ್ದದ ಕಟ್ಟಡ, ಸುಮಾರು 1,400 ಮನೆ. ಜಾಗದ ಬಹುಪಾಲು ಅಂಗಳಕ್ಕೂ ತೋಟಕ್ಕೂ ಬಿಟ್ಟಿದ್ದಾರೆ. ಬಟ್ಟೆ ಒಗೆಯುವ ಮನೆ, ಶಿಶುವಿಹಾರ, ಗ್ರಂಥಾಲಯ ಎಲ್ಲ ನಕ್ಷೆಯಲ್ಲೇ ಇದ್ದವು. ಇಂದಿಗೂ ಜನ ಅಲ್ಲಿ ಬಾಡಿಗೆಗಿದ್ದಾರೆ. ಗಲೀಜು ಬಡವರ ಜೊತೆ ಬರುವುದಿಲ್ಲ ಸ್ವಾಮಿ. ಕಟ್ಟುವವರು ಉಳಿಸಿಕೊಂಡ ಜಾಗದ ಜೊತೆ ಬರುತ್ತದೆ.

ನಮ್ಮ ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಸಭೆಗಳ ಕೈಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ. ನಗರ ಯೋಜನೆ ಮೊದಲನೆಯದು, ಕಟ್ಟಡ ಮತ್ತು ಭೂಬಳಕೆಯ ನಿಯಂತ್ರಣ ಎರಡನೆಯದು, ಕಸ ಆರನೆಯದು. ನಿಮ್ಮ ಸಭೆಯಲ್ಲಿ ಆರನೆಯದಕ್ಕೇ ಅರ್ಧ ದಿನ.

ನನ್ನ ಕೋರಿಕೆ ದೊಡ್ಡದಲ್ಲ. ದಂಡದ ಮೊತ್ತದ ಚರ್ಚೆಯನ್ನು ಒಂದು ಸಭೆ ತಡೆಹಿಡಿಯಿರಿ. ಆ ಹೊತ್ತನ್ನು ಹೊಸ ಬಡಾವಣೆಯ ನಕ್ಷೆಗೆ ಕೊಡಿ, ಗೋಡೆಗೆ ಹಾಕಿ ಎಲ್ಲರಿಗೂ ಕಾಣುವಂತೆ ತೋರಿಸಿ. ಕಸ ವಿಭಾಗದವರನ್ನೂ ಕೂರಿಸಿಕೊಳ್ಳಿ. ಗುಡಿಸುವವರಲ್ಲಿ ಒಬ್ಬರನ್ನು ಕರೆದು ಕೇಳಿದರೆ ಇನ್ನೂ ಒಳ್ಳೆಯದು, ಯಾವ ಮೂಲೆಯಲ್ಲಿ ಗುಡ್ಡೆ ಬೀಳುತ್ತದೆ ಅಂತ ಅವರು ನಕ್ಷೆ ನೋಡಿಯೇ ಹೇಳಿಬಿಡುತ್ತಾರೆ. ಕಟ್ಟಡ ಮುಗಿದ ಮೇಲೆ ಯಾರಾದರೂ ಹೋಗಿ ನೋಡಲಿ, ನಕ್ಷೆಯಲ್ಲಿದ್ದದ್ದು ನೆಲದ ಮೇಲೆ ಇದೆಯಾ ಅಂತ.

ಇದನ್ನು ಸುಮ್ನೆ ಹೇಳುತ್ತಿಲ್ಲ. ನೆಲಮಹಡಿಯವರ ದಂಡದ ಚೀಟಿ ನೋಡಿದ ಮೇಲೆ, ನಮ್ಮ ಕಟ್ಟಡದ ಮಂಜೂರಾದ ನಕ್ಷೆಯ ಪ್ರತಿಗೆ ಅರ್ಜಿ ಹಾಕಿದ್ದೆ. ಮೊನ್ನೆ ಬಂತು. ಮುಂಭಾಗದ ಎಡ ಮೂಲೆಯಲ್ಲಿ ಚೌಕಾಕಾರದ ಒಂದು ಸಣ್ಣ ಕೋಣೆ. ಒಳಗೆ "ಕಸ ಸಂಗ್ರಹ" ಅಂತ ಬರೆದಿದೆ, ಸಹಿ ಇದೆ, ಮೊಹರು ಇದೆ. ಅದೇ ಜಾಗದಲ್ಲಿ ಈಗ ಶಟರ್ ಹಾಕಿದ ಅಂಗಡಿ ಇದೆ, ಬಾಡಿಗೆ ತಿಂಗಳು ತಿಂಗಳು ಕಟ್ಟಡದ ಮಾಲೀಕರಿಗೆ ಹೋಗುತ್ತದೆ. ಅವರಿಗೆ ಇಲ್ಲಿವರೆಗೆ ಯಾವ ಚೀಟಿಯೂ ಬಂದಿಲ್ಲ.

ಮುಂದಿನ ಸಭೆಗೂ ಬರುತ್ತೇನೆ, ಅದೇ ಕೊನೇ ಸಾಲು. ನಕ್ಷೆಯ ಪ್ರತಿ ಕೈಯಲ್ಲಿರುತ್ತದೆ. ಈ ಸಲ ಕೈ ಎತ್ತಿದಾಗ ಒಂಚೂರು ನೋಡಿ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ