ಗೀವರ್ ಗಣಿ ನೋಡಿ ಬಂದು, ಸೀನನಿಗೆ

ಸೀನ,

ಕಾರ್ನ್‌ವಾಲ್‌ಗೆ ಹೋಗಿದ್ದೆ ಕಣೋ, ಇಂಗ್ಲೆಂಡಿನ ತುದಿಗೆ. ಪೆಂಡೀನ್ ಹತ್ತಿರ, ಸಮುದ್ರದ ಅಂಚಿಗೇ ಗೀವರ್ ಅನ್ನೋ ತವರದ ಗಣಿ ಇದೆ. 1985ರಲ್ಲಿ ತವರದ ಬೆಲೆ ಬಿದ್ದುಹೋಯಿತು, 1990ರಲ್ಲಿ ಕೆಲಸ ನಿಂತಿತು. ಸಮುದ್ರದ ಅಡಿಗೂ ಹೋಗಿದ್ದ ಸುರಂಗಗಳಲ್ಲಿ ಈಗ ನೀರು ತುಂಬಿದೆ. ಮೇಲಿರುವುದೆಲ್ಲ ಮ್ಯೂಸಿಯಂ.

ಮಿಲ್ಲಿನ ಅಲುಗುವ ಮೇಜುಗಳನ್ನು ನೀನು ನೋಡಬೇಕಿತ್ತು. ಕಲ್ಲನ್ನು ಮರಳಿನಷ್ಟು ಸಣ್ಣಗೆ ಅರೆದು, ನೀರಿನ ಜೊತೆ ಓರೆ ಮೇಜಿನ ಮೇಲೆ ಬಿಡುತ್ತಾರೆ. ಉದ್ದಕ್ಕೂ ಸಣ್ಣ ಪಟ್ಟಿಗಳು. ಮೇಜು ಕುಲುಕುತ್ತಲೇ ಇರುತ್ತೆ. ಹಗುರ ಮರಳು ನೀರಿನ ಜೊತೆ ಪಕ್ಕಕ್ಕೆ ಜಾರುತ್ತದೆ. ತವರದ ಅದಿರು ಅದಕ್ಕಿಂತ ಎರಡೂವರೆ ಪಟ್ಟು ಭಾರ. ಪಟ್ಟಿ ಹಿಡಿದು ಮುಂದೆ ಬಂದು ತುದಿಯಲ್ಲಿ ಕಪ್ಪುಗಂದು ಗೆರೆಯಾಗುತ್ತದೆ. ಮೊರದಲ್ಲಿ ಅಕ್ಕಿ ಕೇರಿದ ಹಾಗೆ. ಎಷ್ಟು ಹೊತ್ತು ನಿಂತಿದ್ದೆನೋ.

ಆಮೇಲೆ ‘ಡ್ರೈ’ಗೆ ಹೋದೆ, ಬಟ್ಟೆ ಬದಲಿಸುತ್ತಿದ್ದ ಕೋಣೆ. ಕೊನೆಯ ದಿನ ಹೇಗೆ ಬಿಟ್ಟು ಹೋದರೋ ಹಾಗೇ ಇಟ್ಟಿದ್ದಾರೆ. ಮಣ್ಣು ಹತ್ತಿದ ಮೇಲಂಗಿ, ಹೆಲ್ಮೆಟ್ಟು, ಬೂಟು. ಅಲ್ಲಿ ನಿಲ್ಲೋಕೆ ಆಗಲಿಲ್ಲ.

ಚಿನ್ನದ ಗಣಿ ನಡೆಸುತ್ತಿದ್ದ ಬ್ರಿಟಿಷರ ಜಾನ್ ಟೇಲರ್ ಕಂಪನಿ ಕಾಲದಲ್ಲಿ ನಮ್ಮ ಕೆ.ಜಿ.ಎಫ್‌.ಗೆ ಗಣಿ ಕೆಲಸಕ್ಕೆ ಬಂದವರಲ್ಲಿ ಈ ಕಡೆಯವರೂ ಇದ್ದರಲ್ವಾ. ಅವರ ಊರಿನ ಗಣಿಯಲ್ಲಿ ಅಂಗಿ ಕೂಡ ಉಳಿದಿದೆ. ನಮ್ಮಲ್ಲಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದ ಮೇಲೆ ಕಣ್ಣಿಗೆ ಬೀಳೋದು ಚಿನ್ನ ತೆಗೆದು ಸುರಿದ ಪುಡಿಯ ಸೈನೈಡ್ ದಿಬ್ಬಗಳೇ. ಹೊಟ್ಟೆ ಉರಿಯಿತು.

ಅಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಅಪ್ಪ ನಮ್ಮೂರಿನ ಚಾಂಪಿಯನ್ ರೀಫ್ ಗಣಿಯ ಆಳಕ್ಕೆ ಇಳಿದು ಏನು ಮಾಡುತ್ತಿದ್ದರು ಅಂತ ನಾನು ಕೇಳಿಲ್ಲ. ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದು ಏರ್ ಬ್ಲಾಸ್ಟ್ ಆದಾಗ ಮನೆಯಲ್ಲಿ ಪಾತ್ರೆ ಅದುರುತ್ತಿದ್ದವು, ಅಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅಪ್ಪ ಬರುತ್ತಿದ್ದರು, ಸ್ನಾನ ಮಾಡಿ ಮಲಗುತ್ತಿದ್ದರು. ಕೇಳಿದರೆ ಎಲ್ಲಾ ಹೇಳಿಬಿಡುತ್ತಾರೆ ಅನ್ನೋ ಭಯ ನನಗೆ. ಈಗಲೂ ಇದೆ. ರಾತ್ರಿ ಅವರ ಕೆಮ್ಮು ಫೋನಿನಲ್ಲಿ ಕೇಳಿಸಿದರೆ ಬೇರೆ ಮಾತಿಗೆ ಹೊರಳುತ್ತೇನೆ.

ಸರಿ, ಸಾಕು. ಭಾನುವಾರ ಮನೆ ಕಡೆ ಹೋಗ್ತೀಯಾ? ನಿನ್ನ ಜೊತೆ ಅಪ್ಪ ಚೆನ್ನಾಗಿ ಮಾತಾಡ್ತಾರೆ. ಮೊದಲು ಡ್ರಿಲ್ಲಿಂಗ್ ಬಗ್ಗೆ ಕೇಳು, ಉಳಿದದ್ದು ತಾನಾಗೇ ಬರುತ್ತೆ. ರೆಕಾರ್ಡ್ ಮಾಡಿಕೋ. ಅಮ್ಮ ಊಟ ಹಾಕದೆ ಬಿಡಲ್ಲ, ಹಸಿದುಕೊಂಡೇ ಹೋಗು.

ನಿನ್ನ,
ರಾಜು