ಕಸ ವಿಂಗಡಿಸುವ ಮನೆಗಳ ಲೆಕ್ಕವೂ ಬೀದಿಗೆ ಗೊತ್ತಾಗಲಿ

ಮಾನ್ಯ ಸಂಪಾದಕರೇ,

ಕುವೆಂಪುನಗರದ ನಮ್ಮ ಬೀದಿಯ ಖಾಲಿ ಸೈಟಿನ ಮುಂದೆ ಯಾರೋ ಒಂದು ಫ್ಲೆಕ್ಸ್ ಕಟ್ಟಿದ್ದಾರೆ: ‘ಎಷ್ಟು ಹೇಳಿದರೂ ಜನ ಇಲ್ಲೇ ಕಸ ಹಾಕುತ್ತಿದ್ದಾರೆ. ಹಾಕಿದರೆ ದಂಡ.’ ಅದರ ಬುಡದಲ್ಲೇ ಗಂಟು ಕಟ್ಟಿದ ಕವರುಗಳು, ಎಳನೀರಿನ ಬುರುಡೆ, ಬಾಡಿದ ಹೂವಿನ ಹಾರ. ಕಟ್ಟಿದವರ ಕಾಳಜಿ ದೊಡ್ಡದು, ನಿಜ. ಆದರೆ ಓದಿದವರ ಮನಸ್ಸಿಗೆ ಇಳಿಯುವುದು ದಂಡದ ಮಾತಲ್ಲ, ಎಲ್ಲರೂ ಇಲ್ಲೇ ಹಾಕುತ್ತಾರೆ ಎಂಬ ಸುದ್ದಿ.

ಅಮೆರಿಕದ ಅರಿಜೋನಾದಲ್ಲಿ ಪುರಾತನ ಮರಗಳು ಕಲ್ಲಾಗಿ ಉಳಿದಿರುವ ರಾಷ್ಟ್ರೀಯ ಉದ್ಯಾನವಿದೆ. ನೋಡಲು ಬಂದವರು ಚೂರುಗಳನ್ನು ಜೇಬಿಗಿಳಿಸುತ್ತಿದ್ದರು. ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು ದಾರಿಯುದ್ದಕ್ಕೂ ಗುರುತು ಮಾಡಿದ ಚೂರುಗಳನ್ನಿಟ್ಟು, ಬೇರೆ ಬೇರೆ ಫಲಕ ಹಾಕಿ ನೋಡಿದರು. ‘ದಯವಿಟ್ಟು ಒಯ್ಯಬೇಡಿ’ ಎಂದಿದ್ದಾಗ ಕಳುವಾದದ್ದು ಶೇ 2ಕ್ಕಿಂತ ಕಡಿಮೆ. ‘ಹಿಂದೆ ಬಂದ ಬಹಳ ಮಂದಿ ಒಯ್ದಿದ್ದಾರೆ’ ಎಂದು ಬರೆದಾಗ ಸುಮಾರು ಶೇ 8. ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವಿದ್ಯುತ್ ಉಳಿಸುವುದು ಪರಿಸರಕ್ಕಾಗಿ, ಸಮಾಜಕ್ಕಾಗಿ, ದುಡ್ಡಿಗಾಗಿ ಎಂದೇ ಜನ ಹೇಳಿದ್ದರು. ಮೀಟರ್ ನೋಡಿದರೆ, ‘ನಿಮ್ಮ ಅಕ್ಕಪಕ್ಕದವರು ಉಳಿಸುತ್ತಿದ್ದಾರೆ’ ಎಂಬ ಚೀಟಿಯೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತ್ತು.

ನಮ್ಮ ಬೀದಿಯಲ್ಲಿ ಬೆಳಿಗ್ಗೆ ಕಸದ ಗಾಡಿ ಬಂದಾಗ ಹೆಚ್ಚಿನ ಮನೆಯವರು ಹಸಿ ಕಸ, ಒಣ ಕಸ ಬೇರೆ ಮಾಡಿಯೇ ಕೊಡುತ್ತಾರೆ. ಎರಡು ನಿಮಿಷದಲ್ಲಿ ಬಕೆಟ್ ಒಳಗೆ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕಾರು ಜನ ಎಸೆದ ಗುಡ್ಡೆ ಮಾತ್ರ ದಿನವಿಡೀ ಕಾಣುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರು ಊರಿನ ರೂಢಿ ಕಲಿಯುವುದು ಆ ಗುಡ್ಡೆಯಿಂದಲೇ. 2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳಲ್ಲಿ ಮೈಸೂರು ಮೊದಲು ಬಂದದ್ದು ಪೌರಕಾರ್ಮಿಕರ ದುಡಿಮೆಯಿಂದ, ಜೊತೆಗೆ ಮನೆಮನೆಯಲ್ಲಿ ಸದ್ದಿಲ್ಲದೆ ನಡೆದ ಈ ವಿಂಗಡಣೆಯಿಂದ. ಅದನ್ನು ಯಾವ ಫಲಕವೂ ಹೇಳುವುದಿಲ್ಲವಲ್ಲ ಎಂಬುದೇ ನನ್ನ ಸಂಕಟ.

ನಗರಪಾಲಿಕೆಗೆ ನನ್ನ ವಿನಂತಿ ಇಷ್ಟೆ: ಕಸ ಬೇರೆ ಮಾಡಿ ಕೊಡುವ ಮನೆಗಳೆಷ್ಟು ಎಂದು ಬೀದಿವಾರು ಎಣಿಸಿ, ಆ ಲೆಕ್ಕವನ್ನು ಆಯಾ ಬೀದಿಯಲ್ಲೇ ಬರೆಸಿ. ಲೆಕ್ಕ ಸುಳ್ಳಾಗಬಾರದು, ಅಂಥ ಮನೆಗಳು ಕಡಿಮೆ ಇರುವ ಕಡೆ ‘ದಯವಿಟ್ಟು ಇಲ್ಲಿ ಕಸ ಹಾಕಬೇಡಿ’ ಎಂದರೆ ಸಾಕು. ಎಣಿಕೆಗೆ ಗಾಡಿಯ ಜೊತೆ ಬರಲು ನಮ್ಮ ಬಡಾವಣೆಯ ಕೆಲವರು ಸಿದ್ಧರಿದ್ದೇವೆ.

– ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು