ಪ್ಯಾಸೇಜಿನ ದೀಪ ಯಾಕೆ ತಡವಾಗಿ ಹತ್ತುತ್ತದೆ

ಪ್ರೀತಿಯ ಅಪ್ಪ,

ನಮಸ್ಕಾರ. ನಾವಿಲ್ಲಿ ಚೆನ್ನಾಗಿದ್ದೇವೆ. ನೀವೂ ಅಮ್ಮನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ಮೊನ್ನೆ ಫೋನಿನಲ್ಲಿ ಅಮ್ಮ ಹೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. ರಾತ್ರಿ ಎದ್ದು ಪ್ಯಾಸೇಜಿಗೆ ಬಂದರೆ ದೀಪ ಹತ್ತುವಷ್ಟರಲ್ಲಿ ಅರ್ಧ ದಾರಿ ನಡೆದಾಗಿರುತ್ತದೆ, ನೆಟ್ ಇಲ್ಲದ ದಿನ ಹತ್ತುವುದೇ ಇಲ್ಲ ಅಂದಳು. ನೀವು ಹಿಂದಿನಿಂದ, "ಸೆನ್ಸರ್ ಒಂದು ಕಂಪನಿದು, ಬಲ್ಬ್ ಇನ್ನೊಂದು ಕಂಪನಿದು, ಅದಕ್ಕೇ ಹಾಗೆ. ಎಲ್ಲಾ ಒಂದೇ ಕಂಪನಿದು ತಂದುಬಿಡ್ತೀನಿ" ಅಂದಿರಿ. ಅಪ್ಪ, ದಯವಿಟ್ಟು ಈಗಲೇ ಏನೂ ತರಬೇಡಿ. ಫೋನಿನಲ್ಲಿ ಹೇಳಲು ಹೋದರೆ ಅರ್ಧ ಬಿಟ್ಟುಹೋಗುತ್ತದೆ ಅಂತ ಕೂತು ಬರೆಯುತ್ತಿದ್ದೇನೆ.

ಅಮ್ಮ ಬಂದದ್ದು ಸೆನ್ಸರಿಗೆ ತಕ್ಷಣ ಗೊತ್ತಾಗುತ್ತದೆ. ತಡ ಆಗುವುದು ಆಮೇಲೆ. ಸೆನ್ಸರಿನ ಸುದ್ದಿ ಅದರ ಹಬ್‌ಗೆ (ಸಾಮಾನುಗಳ ಸುದ್ದಿ ಪಡೆದು ಮುಂದೆ ಕಳಿಸುವ ಪುಟ್ಟ ಡಬ್ಬಿ) ಹೋಗುತ್ತದೆ, ಹಬ್‌ನಿಂದ ರೌಟರ್, ರೌಟರ್‌ನಿಂದ ಆ ಕಂಪನಿಯ ಸರ್ವರ್. ಅದು ಎಲ್ಲೋ ಬೇರೆ ಊರಿನಲ್ಲಿ, ಬೇರೆ ದೇಶದಲ್ಲೂ ಇರಬಹುದು. ಅಲ್ಲಿಂದ ನೀವು ಮಾತಾಡಿಸುವ ಸ್ಪೀಕರಿನ ಕಂಪನಿಯ ಸರ್ವರಿಗೆ, ಅಲ್ಲಿಂದ ಬಲ್ಬಿನ ಕಂಪನಿಯ ಸರ್ವರಿಗೆ, ಅಲ್ಲಿಂದ ವಾಪಸ್ ನಮ್ಮ ರೌಟರಿಗೆ, ಕೊನೆಗೆ ಬಲ್ಬಿಗೆ. ಸೆನ್ಸರಿಗೂ ಬಲ್ಬಿಗೂ ನಡುವೆ ಇರುವುದು ನಾಲ್ಕೇ ಹೆಜ್ಜೆ, ಸುದ್ದಿ ಮಾತ್ರ ಲೋಕ ಸುತ್ತಿ ಬರುತ್ತದೆ. ನೆಟ್ ಹೋದರೆ ದಾರಿಯೇ ಕಟ್. ಎರಡೂ ಒಂದೇ ಕಂಪನಿಯದಾದರೂ ಅದು ಸರ್ವರ್ ನಂಬಿಕೊಂಡಿದ್ದರೆ ಇದೇ ಕಥೆ. ಹಾಗಾಗಿ ಕಂಪನಿ ಬದಲಾಯಿಸಿ ಪ್ರಯೋಜನ ಇಲ್ಲ, ಸುದ್ದಿ ಮನೆಯೊಳಗೇ ಓಡಾಡುವ ಹಾಗೆ ಮಾಡಬೇಕು.

ಇಲ್ಲಿ ನಮ್ಮ ಮೆಟ್ಟಿಲಿನ ದೀಪಕ್ಕೂ ಹೀಗೇ ಆಗುತ್ತಿತ್ತು. ಮೂರನೇ ಮೆಟ್ಟಿಲು ದಾಟಿದ ಮೇಲೆ ಹತ್ತುತ್ತಿತ್ತು. ಈಗ ಮೊದಲ ಮೆಟ್ಟಿಲ ಮೇಲೆ ಕಾಲಿಡುವ ಮುಂಚೆಯೇ ಹತ್ತುತ್ತದೆ. ಬಲ್ಬೂ ಅದೇ, ಸೆನ್ಸರೂ ಅದೇ. ದಾರಿ ಮಾತ್ರ ಬದಲಾಯಿಸಿದೆ.

ಹಾಗಾದರೆ ಡಬ್ಬಿಯ ಮೇಲೆ ಏನು ನೋಡಬೇಕು? ಎರಡು ವಿಷಯ ಬೇರೆ ಬೇರೆ ಇಟ್ಟುಕೊಳ್ಳಿ: ದಾರಿ ಒಂದು, ಭಾಷೆ ಇನ್ನೊಂದು. ವೈಫೈ, ಬ್ಲೂಟೂತ್, ಥ್ರೆಡ್ ಇವೆಲ್ಲ ಸುದ್ದಿ ಹೋಗುವ ದಾರಿಗಳು. ಒಂದೇ ದಾರಿಯಲ್ಲಿ ನಡೆಯುವ ಇಬ್ಬರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯಬೇಕು ಅಂತೇನಿಲ್ಲ, ಅಲ್ವಾ? ನಿಮ್ಮ ವೈಫೈ ಬಲ್ಬೂ ವೈಫೈ ಪ್ಲಗ್ಗೂ ಒಂದೇ ರೌಟರಿನಲ್ಲಿದ್ದೂ ಪರಿಚಯವೇ ಇಲ್ಲದ ಹಾಗಿರುವುದು ಅದಕ್ಕೇ. ಜಿಗ್‌ಬೀ, ಝೀ-ವೇವ್ ಅನ್ನುವವು ದಾರಿಯನ್ನೂ ಭಾಷೆಯನ್ನೂ ತಮ್ಮ ಜೊತೆಗೇ ತರುತ್ತವೆ, ಆದರೆ ನಡುವೆ ಒಂದು ಹಬ್ ಬೇಕು.

ಎಲ್ಲರಿಗೂ ಒಂದು ಭಾಷೆ ಇರಲಿ ಅಂತ ಮಾಡಿದ್ದೇ ಮ್ಯಾಟರ್. 2019ರ ಡಿಸೆಂಬರ್‌ನಲ್ಲಿ ಅಮೆಜಾನ್, ಆಪಲ್, ಗೂಗಲ್ ಮತ್ತು ಜಿಗ್‌ಬೀಯನ್ನು ನೋಡಿಕೊಳ್ಳುವ ಕಂಪನಿಗಳ ಕೂಟವಾದ ಜಿಗ್‌ಬೀ ಅಲಯನ್ಸ್ ಒಟ್ಟಿಗೆ ಸೇರಿ ಇದನ್ನು ಮಾಡುತ್ತೇವೆ ಅಂದವು. ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಮ್ಯಾಟರ್ ವೈಫೈ ಮೇಲೂ ನಡೆಯುತ್ತದೆ, ಥ್ರೆಡ್ ಮೇಲೂ ನಡೆಯುತ್ತದೆ. ಆಜ್ಞೆ ಮನೆಯೊಳಗೇ ಓಡಾಡುತ್ತದೆ. ಇನ್ನೊಂದು ಗುಣ ನನಗೆ ತುಂಬಾ ಇಷ್ಟ: ಒಂದೇ ಬಲ್ಬನ್ನು ಎರಡು ಮೂರು ಕಡೆ ಒಟ್ಟಿಗೆ ಸೇರಿಸಬಹುದು. ನಿಮ್ಮ ಫೋನು ಆಂಡ್ರಾಯ್ಡ್, ತಮ್ಮನದು ಐಫೋನ್. ನೀವು ಗೂಗಲ್ ಹೋಮ್ ಆ್ಯಪ್‌ನಿಂದ ಹಾಕಿ, ಅವನು ಆಪಲ್ ಹೋಮ್ ಆ್ಯಪ್‌ನಿಂದ ಆರಿಸಬಹುದು. ಯಾರೂ ಫೋನು ಬದಲಾಯಿಸಬೇಕಾಗಿಲ್ಲ.

ಹೊಸದು ಕೊಳ್ಳುವಾಗ ಡಬ್ಬಿಯ ಮೇಲೆ ಮ್ಯಾಟರ್ ಗುರುತು ಇದೆಯಾ ನೋಡಿ. ಮೂರು ಬಾಣಗಳು ನಡುವಿಗೆ ಮುಖ ಮಾಡಿದಂತೆ ಇರುತ್ತದೆ. 'ವರ್ಕ್ಸ್ ವಿತ್' ಅಂತ ಬರೆದು ಸ್ಪೀಕರಿನ ಹೆಸರು ಹಾಕಿದ್ದರೆ ಅಷ್ಟಕ್ಕೇ ಒಪ್ಪಬೇಡಿ. ಅದು ಸರ್ವರ್ ಮೂಲಕವೇ ಇರಬಹುದು. ಡಬ್ಬಿಯಲ್ಲಿ 'ಥ್ರೆಡ್' ಅಂತಲೂ ಇದ್ದರೆ ಮನೆಯಲ್ಲಿ ಥ್ರೆಡ್ ಬಾರ್ಡರ್ ರೌಟರ್, ಅಂದರೆ ಥ್ರೆಡ್ ದಾರಿಯನ್ನು ಮನೆಯ ನೆಟ್‌ವರ್ಕಿಗೆ ಸೇರಿಸುವ ಸಾಧನ, ಇರಬೇಕು. ಆಪಲ್‌ನ ಹೋಮ್‌ಪಾಡ್ ಮಿನಿ ಸ್ಪೀಕರ್, ಗೂಗಲ್‌ನ ಎರಡನೇ ತಲೆಮಾರಿನ ನೆಸ್ಟ್ ಹಬ್ ಇಂಥವುಗಳೊಳಗೆ ಅದು ಸೇರಿಕೊಂಡೇ ಬರುತ್ತದೆ. ವೈಫೈದಾದರೆ ಆ ಚಿಂತೆ ಇಲ್ಲ.

ಆದರೂ ಮ್ಯಾಟರ್ ಇದ್ದರೆ ಎಲ್ಲಾ ಸಿಗುತ್ತದೆ ಅಂದುಕೊಳ್ಳಬೇಡಿ. ಹಾಕುವುದು, ಆರಿಸುವುದು, ಬೆಳಕು ಕಡಿಮೆ ಮಾಡುವುದು, ಬಣ್ಣ ಇವು ಸಿಗುತ್ತವೆ. ಕಂಪನಿಯವರ ವಿಶೇಷ ಆಟಗಳು ಅವರ ಆ್ಯಪ್‌ನಲ್ಲೇ ಉಳಿಯುವುದು ಜಾಸ್ತಿ. ಮೊದಲ ಆವೃತ್ತಿಯಲ್ಲಿ ಕ್ಯಾಮೆರಾ ಇರಲೇ ಇಲ್ಲ. ನೆಲ ಗುಡಿಸುವ ರೋಬೋ, ಫ್ರಿಜ್ ಇವು ಸೇರಿದ್ದು 2023ರ ಅಕ್ಟೋಬರ್‌ನಲ್ಲಿ, 1.2ನೇ ಆವೃತ್ತಿಗೆ.

ಹಳೆಯದನ್ನು ಎಸೆಯಬೇಡಿ. ಸೆನ್ಸರಿನ ಮೇಲೆ ಜಿಗ್‌ಬೀ ಅಂತ ಇದ್ದರೆ ಅದಕ್ಕೆ ಇನ್ನೂ ತುಂಬಾ ಆಯಸ್ಸಿದೆ. ಕೆಲವು ಕಂಪನಿಗಳು ಹಳೆಯ ಹಬ್‌ಗೇ ಅಪ್‌ಡೇಟ್ ಕೊಟ್ಟು ಮ್ಯಾಟರ್ ಕಲಿಸಿವೆ. ಫಿಲಿಪ್ಸ್ ಹ್ಯೂ ಬ್ರಿಡ್ಜ್‌ಗೆ 2023ರಲ್ಲಿ ಹಾಗೆ ಬಂತು. ಹಬ್ ಕಲಿತರೆ ಸಾಕು, ಅದರ ಹಿಂದಿರುವ ಬಲ್ಬುಗಳೆಲ್ಲ ಅದರ ಮೂಲಕ ಮಾತಾಡುತ್ತವೆ.

ನಾನು ನಂಬಿಕೊಂಡಿರುವುದು ಮಾತ್ರ ಹೋಮ್ ಅಸಿಸ್ಟೆಂಟ್. 2013ರಲ್ಲಿ ಶುರುವಾದ ಸಾಫ್ಟ್‌ವೇರ್, ಪುಕ್ಕಟೆ, ಅದರ ಕೋಡ್ ಯಾರು ಬೇಕಾದರೂ ನೋಡಬಹುದು. ರಾಸ್ಪ್‌ಬೆರಿ ಪೈ ಅನ್ನುವ ಅಂಗೈ ಅಗಲದ ಕಂಪ್ಯೂಟರಿನಲ್ಲಿ ಓಡುತ್ತದೆ. ಅದಕ್ಕೆ ಒಂದು ಜಿಗ್‌ಬೀ ಯುಎಸ್‌ಬಿ ಸ್ಟಿಕ್ ಚುಚ್ಚಿದರೆ ಅದೇ ಹಬ್. ಮ್ಯಾಟರ್, ಜಿಗ್‌ಬೀ, ಬೇರೆ ಬೇರೆ ಕಂಪನಿಯ ವೈಫೈ ಸಾಮಾನು, ಎಲ್ಲವೂ ಒಂದೇ ಕಡೆ ಬಂದು ಕೂರುತ್ತವೆ. ನಾನು ಇದಕ್ಕೆ ಬಂದದ್ದಕ್ಕೆ ಕಾರಣ ಇದೆ. ನನ್ನ ಮೊದಲ ಹಬ್ ಮಾಡಿದ ಕಂಪನಿ ಒಂದು ದಿನ ಸರ್ವರ್ ನಿಲ್ಲಿಸಿಬಿಟ್ಟಿತು. ಹಬ್‌ಗೆ ಏನೂ ಆಗಿರಲಿಲ್ಲ, ಅದರ ಮೇಲಿನ ದೀಪ ಉರಿಯುತ್ತಿತ್ತು, ಆದರೆ ಕೆಲಸಕ್ಕೆ ಬರಲಿಲ್ಲ. ಆ ದಿನ ತುಂಬಾ ಬೇಜಾರಾಯಿತು. ನಿಮ್ಮ ಮನೆಗೆ ಹಾಗೆ ಆಗುವುದು ನನಗೆ ಬೇಡ.

ಒಂದು ವಿಷಯ ಮರೆಯದೆ ಹೇಳಬೇಕು. ಸ್ಟಿಕ್ ಹಾಕಿದ ಹೊಸದರಲ್ಲಿ ನನ್ನ ಬಾಗಿಲಿನ ಸೆನ್ಸರ್ ದಿನಕ್ಕೆರಡು ಸಲ ಕಾಣೆಯಾಗುತ್ತಿತ್ತು. ಬ್ಯಾಟರಿ ಬದಲಾಯಿಸಿದೆ, ಜಾಗ ಬದಲಾಯಿಸಿದೆ, ಎರಡು ವಾರ ಹೀಗೇ ಹೋಯಿತು. ಕೊನೆಗೆ ನೋಡಿದರೆ ಸ್ಟಿಕ್ ಚುಚ್ಚಿದ್ದು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ. ಆ ಕಿಂಡಿ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ. ಇಂಟೆಲ್‌ನವರೇ 2012ರಲ್ಲಿ ಇದನ್ನು ಬರೆದಿದ್ದಾರೆ. ಜಿಗ್‌ಬೀ ಮಾತಾಡುವುದೂ ಅದೇ 2.4ರಲ್ಲಿ. ಸ್ಟಿಕ್ಕನ್ನು ಯುಎಸ್‌ಬಿ 2 ಕಿಂಡಿಗೆ ಹಾಕಿ, ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಕೊಟ್ಟು ದೂರ ಇಟ್ಟೆ. ಅಂದಿನಿಂದ ಒಂದು ಸಲವೂ ಕಾಣೆಯಾಗಿಲ್ಲ. ರೌಟರಿನ ಪಕ್ಕದಲ್ಲೂ ಇಡಬಾರದು. ವೈಫೈ 1ನೇ ಚಾನೆಲ್‌ನಲ್ಲಿದ್ದರೆ ಜಿಗ್‌ಬೀಯನ್ನು 20 ಅಥವಾ 25ರಲ್ಲಿ ಇಟ್ಟರೆ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಆಮೇಲೆ ಚಾನೆಲ್ ಬದಲಾಯಿಸಿದರೆ ಕೆಲವು ಸಾಮಾನುಗಳನ್ನು ಮತ್ತೆ ಜೋಡಿಸಬೇಕಾಗುತ್ತದೆ, ಹಾಗಾಗಿ ಮೊದಲೇ ಸರಿ ಮಾಡೋಣ.

ಪೈ ಮತ್ತು ಸ್ಟಿಕ್ ನಾನೇ ಕಳಿಸುತ್ತೇನೆ. ಜಿಗ್‌ಬೀಯ 2.4 ಗಿಗಾಹರ್ಟ್ಸ್ ಎಲ್ಲ ದೇಶಕ್ಕೂ ಒಂದೇ. ಝೀ-ವೇವ್ ಸಾಮಾನು ಮಾತ್ರ ಕಳಿಸುವುದಿಲ್ಲ. ಅಮೆರಿಕದಲ್ಲಿ ಅದು 908.4 ಮೆಗಾಹರ್ಟ್ಸ್, ಯುರೋಪಿನಲ್ಲಿ 868.4, ಭಾರತದಲ್ಲಿ 865.2. ಒಂದು ಕಡೆಯದು ಇನ್ನೊಂದು ಕಡೆಯ ಹಬ್‌ಗೆ ಕೇಳಿಸುವುದೇ ಇಲ್ಲ.

ಇನ್ನು ನಿಮ್ಮ ಒಂದು ಅಭ್ಯಾಸದ ಬಗ್ಗೆ. ಮಲಗುವ ಮುಂಚೆ ಎಲ್ಲಾ ಸ್ವಿಚ್ ಆರಿಸಿ ಬರುತ್ತೀರಿ. ಗೋಡೆಯ ಸ್ವಿಚ್ ಆರಿಸಿದರೆ ಸ್ಮಾರ್ಟ್ ಬಲ್ಬ್ ಸತ್ತ ಹಾಗೆಯೇ. ಜಿಗ್‌ಬೀಯಲ್ಲಿ ಕರೆಂಟಿನ ಮೇಲೆ ನಡೆಯುವ ಬಲ್ಬು, ಪ್ಲಗ್ಗುಗಳು ಪಕ್ಕದವರ ಸುದ್ದಿಯನ್ನೂ ಮುಂದೆ ದಾಟಿಸುತ್ತವೆ, ಹಾಗಾಗಿ ಒಂದು ಆರಿದರೆ ಅದರಾಚೆಯ ಸೆನ್ಸರ್ ಕೂಡ ದಾರಿ ತಪ್ಪಬಹುದು. ನಿಮ್ಮ ಅಭ್ಯಾಸ ಬಿಡಿ ಅಂತ ನಾನು ಹೇಳುವುದಿಲ್ಲ. ಹೊಸದಾಗಿ ಮಾಡುವ ಕಡೆ ಸ್ಮಾರ್ಟ್ ಬಲ್ಬ್ ಬದಲು ಸ್ವಿಚ್ಚಿನ ಹಿಂದೆ ಕೂರುವ ರಿಲೇ (ದೀಪಕ್ಕೆ ಕರೆಂಟ್ ಕೊಟ್ಟು ಕಡಿಯುವ ಪುಟ್ಟ ಸ್ಮಾರ್ಟ್ ಸಾಧನ) ಹಾಕಿಸೋಣ. ಬಲ್ಬು ಸಾಮಾನ್ಯದ್ದೇ ಇರಲಿ. ಅಮ್ಮ ಯಾವತ್ತಿನ ಹಾಗೆ ಗೋಡೆಯ ಸ್ವಿಚ್ ಒತ್ತಬಹುದು, ಸೆನ್ಸರಿನಿಂದಲೂ ಹತ್ತುತ್ತದೆ, ಪೈ ಕೆಟ್ಟರೂ ಸ್ವಿಚ್ ಕೆಲಸ ಮಾಡುತ್ತದೆ. ಇಂಥ ರಿಲೇಗೆ ಸಾಮಾನ್ಯವಾಗಿ ನ್ಯೂಟ್ರಲ್ ವೈರ್ ಬೇಕು. ಸ್ವಿಚ್ ಬಾಕ್ಸಿನೊಳಗೆ ಅದು ಇದೆಯಾ ಅಂತ ಎಲೆಕ್ಟ್ರಿಷಿಯನ್ ನೋಡಲಿ, ನೀವು ಬಿಚ್ಚಬೇಡಿ.

ಸದ್ಯಕ್ಕೆ ನಿಮ್ಮಿಂದ ಎರಡೇ ಕೆಲಸ. ಸೆನ್ಸರ್, ಅದರ ಹಬ್, ಬಲ್ಬು, ಪ್ಲಗ್ಗು ಒಂದೊಂದರ ಹಿಂದಿನ ಚೀಟಿಯ ಫೋಟೋ ತೆಗೆದಿಡಿ. ಮ್ಯಾಟರ್ ಇರುವುದರ ಮೇಲೆ ಕ್ಯುಆರ್ ಕೋಡ್, ಅದರ ಜೊತೆ 11 ಅಂಕಿಯ ನಂಬರ್ ಇರುತ್ತದೆ. ಅದಿಲ್ಲದೆ ಮೊದಲ ಸಲ ಜೋಡಿಸಲು ಆಗುವುದಿಲ್ಲ, ಗೋಡೆಯೊಳಗೆ ಕೂರಿಸಿದ ಮೇಲೆ ಕಾಣುವುದೂ ಇಲ್ಲ. ಆ ಕೋಡ್ ಇರುವ ಫೋಟೋ ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಕಳಿಸಬೇಡಿ. ಎರಡನೆಯದು, ರೌಟರಿನಲ್ಲಿ 2.4 ಗಿಗಾಹರ್ಟ್ಸ್ ವೈಫೈ ಆನ್ ಇದೆಯಾ ತಮ್ಮನಿಂದ ನೋಡಿಸಿ. ಇಂಥ ಸಾಮಾನುಗಳಲ್ಲಿ ಹೆಚ್ಚಿನವಕ್ಕೆ 5 ಗಿಗಾಹರ್ಟ್ಸ್ ಕಾಣಿಸುವುದಿಲ್ಲ. ಐಪಿವಿ6 ಅನ್ನುವುದು (ನೆಟ್‌ವರ್ಕಿನಲ್ಲಿ ಸಾಮಾನುಗಳಿಗೆ ವಿಳಾಸ ಕೊಡುವ ಪದ್ಧತಿ) ಆಫ್ ಆಗಿದ್ದರೆ ಅದನ್ನೂ ಆನ್ ಮಾಡಲಿ, ಮ್ಯಾಟರ್ ಅದರ ಮೇಲೇ ನಡೆಯುತ್ತದೆ.

ಭಾನುವಾರ ವಿಡಿಯೋ ಕಾಲ್ ಮಾಡುತ್ತೇನೆ, ಫೋಟೋ ನೋಡಿಕೊಂಡು ಯಾವುದು ಉಳಿಸುವುದು ಅಂತ ಇಬ್ಬರೂ ಕೂತು ತೀರ್ಮಾನಿಸೋಣ. ಮೊದಲು ಪ್ಯಾಸೇಜ್ ಒಂದೇ. ಉಳಿದದ್ದಕ್ಕೆ ಅವಸರ ಇಲ್ಲ. ಅಲ್ಲಿಯವರೆಗೆ ಸೆನ್ಸರನ್ನು ನಂಬಿಕೊಂಡು ಅಮ್ಮ ಕತ್ತಲಲ್ಲಿ ನಡೆಯುವುದು ಬೇಡ. ಆ ಒಂದು ದೀಪ ರಾತ್ರಿಯೆಲ್ಲ ಉರಿಯಲಿ ಅಪ್ಪ, ಅದನ್ನು ಮಾತ್ರ ಆರಿಸಬೇಡಿ.

ನಿಮ್ಮ ಪ್ರೀತಿಯ ಮಗಳು